ಒಂದೇ ಹೆಸರಿನ ಜಾಗ

ಅತ್ತೆಯ ಬಲಗಾಲಿನ ಹೆಬ್ಬೆರಳ ಉಗುರು ಕತ್ತರಿಯ ಬಾಯಿಗೆ ಸಿಕ್ಕದೆ ಜಾರುತ್ತಿತ್ತು. ಬಿಸಿನೀರಿನಲ್ಲಿ ಇನ್ನೊಂದಿಷ್ಟು ಹೊತ್ತು ನೆನೆಸಬೇಕಿತ್ತು, ಅವಸರ ಮಾಡಿಬಿಟ್ಟೆ ಎಂದುಕೊಳ್ಳುತ್ತ ಅವಳು ಆ ಪಾದವನ್ನು ತನ್ನ ಮಂಡಿಯ ಮೇಲೆ ಇನ್ನಷ್ಟು ಎಳೆದುಕೊಂಡಳು. ನೀರು ತುಂಬಿ ಊದಿದ ಪಾದ. ಅವಳ ಹೆಬ್ಬೆರಳು ಒತ್ತಿದ ಕಡೆ ಗುಳಿ ಬಿದ್ದು, ಆ ಗುಳಿ ಒಲ್ಲದ ಮನಸ್ಸಿನಿಂದ ಏಳುವವರ ಹಾಗೆ ನಿಧಾನಕ್ಕೆ ಮೇಲೆ ಬರುತ್ತಿತ್ತು. ಕೆಳಗೆ ಹಾಸಿದ ಹಳೆಯ ಪೇಪರಿನ ಮೇಲೆ ಉಗುರಿನ ಚೂರುಗಳು ಸಿಡಿದು ಬಿದ್ದಿದ್ದವು. ಪೇಪರು ಅವಳಿಗೆ ತಲೆಕೆಳಗಾಗಿತ್ತು. ಆದರೂ ಕಣ್ಣು ತನ್ನ ಪಾಡಿಗೆ ತಾನು ಸಾಲಿನಿಂದ ಸಾಲಿಗೆ ಇಳಿದು, ಎಲ್ಲಿಯಾದರೂ ಅಕ್ಷರ ಮುಗ್ಗರಿಸಿದೆಯೇ ಎಂದು ತಡವುತ್ತಿತ್ತು. ಸರ್ಕಾರಿ ಮುದ್ರಣಾಲಯದಲ್ಲಿ ಕರಡು ಓದುವ ಕೆಲಸ ಅವಳದು; ಮದುವೆಯಾದ ಹೊಸದರಲ್ಲಿ ಸೇರಿದವಳು, ಈಗ ನಿವೃತ್ತಿ ಎದುರಿನ ತಿರುವಿನಲ್ಲಿ ನಿಂತಿತ್ತು. "ಉಗುರು ತೆಗೀತಿದ್ದೀಯೋ, ಲಾಳ ಹೊಡೀತಿದ್ದೀಯೋ?" ಎಂದರು ಅತ್ತೆ. ಮಾತು ಹರಿತವಾಗಿದ್ದರೂ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಎದುರಿನ ಮಂಚದ ಮೇಲೆ ಅವಳ ಅಮ್ಮ ಗೋಡೆಗೆ ಒರಗಿ, ಪಾದಗಳನ್ನು ಸೀರೆಯ ನೆರಿಗೆಯೊಳಗೆ ಅಡಗಿಸಿಕೊಂಡು ತಮ್ಮ ಸರದಿಗೆ ಕಾದಿದ್ದರು. ಮೊದಲು ಅತ್ತೆ, ಆಮೇಲೆ ಅಮ್ಮ. ಹೀಗೆಂದು ಯಾರೂ ಕೂತು ಗೊತ್ತುಮಾಡಿದ್ದಲ್ಲ. ಸ್ನಾನಕ್ಕೆ, ಕಾಫಿಗೆ, ಮಾತ್ರೆಗೆ, ರೇಡಿಯೋದ ಕಿವಿ ತಿರುಪುವುದಕ್ಕೆ, ಎಲ್ಲದಕ್ಕೂ ಅದೇ ವರಸೆ. ಅಮ್ಮ ಈ ಮನೆಗೆ ಬಂದ ದಿನವೇ ಬಾಗಿಲಲ್ಲಿ ಚಪ್ಪಲಿಯನ್ನು ಎಲ್ಲರ ಚಪ್ಪಲಿಗಿಂತ ಆಚೆ, ಮಳೆ ಬಂದರೆ ನೆನೆಯುವ ಕಡೆ ಬಿಟ್ಟಿದ್ದರು. ಅವಳು ನೋಡಿದ್ದಳು. ಒಳಗೆ ತೆಗೆದಿಡಲಿಲ್ಲ.

ಬಾಗಿಲ ಹಿಂದಿನ ಮೊಳೆಗೆ ಅವಳ ಚೀಲ ತೂಗುತ್ತಿತ್ತು. ಬೆನ್ನು ಆ ಕಡೆ ಇದ್ದರೂ ಅದು ಅಲ್ಲಿ ತೂಗುತ್ತಿದೆ ಎನ್ನುವುದು ಅವಳ ಬೆನ್ನಿಗೆ ಗೊತ್ತಿತ್ತು. ಒಳಜೇಬಿನಲ್ಲಿ ಆ ಪತ್ರ, ಬುತ್ತಿ ಡಬ್ಬಿಯ ಹಬೆ ತಗಲಿ ತಗಲಿ ಮೂಲೆಗಳು ಬಟ್ಟೆಯ ಹಾಗೆ ಮೆತ್ತಗಾಗಿದ್ದವು. ಇವತ್ತು ಅದು ಅಂಚೆಗೆ ಬೀಳಬೇಕು. ನಾಳೆಯ ಮುದ್ರೆ ಬಿದ್ದರೆ ನಡೆಯದು. ವಿಷಯ ಇಷ್ಟೇ. ಸರ್ಕಾರಿ ನೌಕರರ ಪಿಂಚಣಿ ಮತ್ತು ಆರೋಗ್ಯ ವಿಮೆಯ ನಿಯಮ ಬದಲಾಗಿತ್ತು. ವಿಮೆಗೆಂದು ಸಂಬಳದಲ್ಲಿ ಮುರಿಯುವ ವಂತಿಗೆ ಏರಿತ್ತು, ಅದು ಎಲ್ಲರಿಗೂ. ಹಳೆಯ ಪಿಂಚಣಿ, ಅಂದರೆ ಉಸಿರಿರುವ ತನಕ ತಿಂಗಳು ತಿಂಗಳು ತಪ್ಪದೆ ಬರುವ ಗೊತ್ತಾದ ಮೊತ್ತ, ಅದೇ ಬೇಕು ಎನ್ನುವವರು ಇನ್ನುಮುಂದೆ ತಮ್ಮ ವಿಮೆಯೊಳಗೆ ಒಬ್ಬ ಹಿರಿಯರನ್ನು ಮಾತ್ರ ಇಟ್ಟುಕೊಳ್ಳಬಹುದು. ಇಬ್ಬರೂ ಬೇಕು ಎನ್ನುವವರು ಹಳೆಯದನ್ನು ಬಿಟ್ಟುಕೊಟ್ಟು ಹೊಸ ಪಿಂಚಣಿಗೆ ಬರಬೇಕು. ಹೊಸದರಲ್ಲಿ ಕೊನೆಗೆ ಕೈಗೆ ಬರುವುದು ಏನೆಂದು ಹೇಳುವವರಿಲ್ಲ. ಸಂಬಳದಿಂದ ಮುರಿದದ್ದು ಎಲ್ಲೋ ಬೆಳೆದರೆ ಬೆಳೆಯಿತು, ಇಲ್ಲದಿದ್ದರೆ ಇಲ್ಲ. ಏನೂ ಬರೆದು ಕಳಿಸದೆ ಸುಮ್ಮನಿದ್ದವರಿಗೆ ಮನೆಯಲ್ಲಿ ಹಿರಿಯರೇ ಇಲ್ಲವೆಂದು ತಿಳಿಯಲಾಗುವುದು. ಅತ್ತೆಗೆ ವಾರಕ್ಕೆರಡು ಸಲ ಆಸ್ಪತ್ರೆಯ ಯಂತ್ರದಲ್ಲಿ ರಕ್ತ ತೊಳೆಸಬೇಕು, ತಪ್ಪಿದರೆ ಜೀವಕ್ಕೇ ಬರುತ್ತದೆ. ಅಮ್ಮನಿಗೆ ಕೊರಳೆಲುಬಿನ ಕೆಳಗೆ ಚರ್ಮದೊಳಗೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಯಂತ್ರ ಕೂರಿಸಿದ್ದಾರೆ, ಎದೆ ಬಡಿಯುವುದನ್ನು ಮರೆತಾಗ ನೆನಪಿಸುವುದಕ್ಕೆ. ಅದರ ಬ್ಯಾಟರಿ ಮುಂದಿನ ವರ್ಷದ ಹೊತ್ತಿಗೆ ಮುಗಿಯುತ್ತದೆ, ಬದಲಾಯಿಸಲೇಬೇಕು ಎಂದು ಡಾಕ್ಟರು ಹೇಳಿದ್ದಾರೆ. ಒಬ್ಬರದು ಇವತ್ತಿನದು, ಒಬ್ಬರದು ನಾಳೆಯದು. ಪತ್ರದಲ್ಲಿ ಎರಡು ಪ್ಯಾರಾ, ಕೆಳಗಿನದು ಹೊಸ ಪಿಂಚಣಿಗೆ, ಮೇಲಿನದು ಹಳೆಯದಕ್ಕೆ; ಆ ಮೇಲಿನದರಲ್ಲಿ ಹೆಸರು ಬರೆಯಲು ಬಿಟ್ಟ ಗೆರೆ ಒಂದೇ.

"ಅಮ್ಮ, ನಿನ್ನದು ಸಂಜೆ ತೆಗೀತೀನಿ, ಹೊತ್ತಾಯ್ತು," ಎಂದು ಅವಳು ಪೇಪರನ್ನು ಉಗುರಿನ ಸಮೇತ ಮಡಿಚಿದಳು. ಅಮ್ಮ ಆಗಲಿ ಬಿಡು ಎಂದರು. ಅಮ್ಮನ 'ಆಗಲಿ ಬಿಡು' ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಗುತ್ತಿಗೆಗೆ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ಹೆಂಗಸು. ಮಗಳಿಗೆ ಹೊಸ ಬಟ್ಟೆ ಹೊಲಿದು ಉಳಿದ ತುಂಡಿನಲ್ಲಿ ತನಗೊಂದು ರವಿಕೆ ಆಗುತ್ತದೋ ಎಂದು ಹರಡಿ ನೋಡಿ, ಆಗದಿದ್ದರೆ ಆಗಲಿ ಬಿಡು ಎಂದು ಮಡಿಸಿಡುತ್ತಿದ್ದಳು. ಆ ಮಾತಿನ ಮೇಲೆ ಕಾಲೂರಿಯೇ ತಾನು ಇಷ್ಟು ಎತ್ತರಕ್ಕೆ ಬಂದದ್ದು ಎನ್ನಿಸಿ, ಅವಳು ಬಚ್ಚಲಿಗೆ ಹೋಗಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೈ ತೊಳೆದಳು.

ಗಂಡ ಹೊರಗೆ ಕಾರು ಒರೆಸುತ್ತಿದ್ದ. ಖಾಸಗಿ ಡ್ರೈವಿಂಗ್ ಶಾಲೆಯಲ್ಲಿ ಕಲಿಸುವ ಕೆಲಸ, ಪಿಂಚಣಿಯ ಹೆಸರೆತ್ತುವ ಹಾಗಿಲ್ಲ. ಇವಳದೇ ಇಬ್ಬರಿಗೂ ಆಗಬೇಕೆಂಬುದು ಎಂದೋ ಮಾತಿಲ್ಲದೆ ನಿಕ್ಕಿಯಾಗಿತ್ತು. ಮಕ್ಕಳಿಲ್ಲ. ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ಆ ಶಾಲೆಯ ಕಾರಿನಲ್ಲೇ, ನೆತ್ತಿಯ ಮೇಲೆ ಕೆಂಪಕ್ಷರದ ಕಲಿಯುವವರ ಫಲಕ ಹೊತ್ತು. "ಎಂಬತ್ತು ದಾಟಿದ ಮೇಲೆ ನಾನೇನು ಕಲೀತಿದ್ದೀನಪ್ಪ? ಸಾಯೋದಕ್ಕೆ ಲೈಸೆನ್ಸಾ?" ಎನ್ನುವುದು ಅತ್ತೆಯ ಮಾಮೂಲಿ ತಮಾಷೆ. ಆ ಕಾರಿನಲ್ಲಿ ಕಲಿಸುವವನ ಕಾಲ ಕೆಳಗೂ ಒಂದು ಬ್ರೇಕ್ ಇದೆ. ವರ್ಷಗಟ್ಟಲೆ ಇನ್ನೊಬ್ಬರ ಕೈಯ ಗಾಡಿಗೆ ತಾನು ಬ್ರೇಕ್ ಒತ್ತಿ ಒತ್ತಿ, ಗಂಡನ ಬಲಗಾಲಿಗೆ ಅದೊಂದು ಚಾಳಿ ಅಂಟಿಬಿಟ್ಟಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗ ಮಾತು ಪತ್ರದ ಕಡೆ ತಿರುಗಿದರೆ ಸಾಕು, ಮೇಜಿನ ಕೆಳಗೆ ಆ ಕಾಲು ನೆಲವನ್ನು ಒತ್ತುವುದು ಅವಳಿಗೆ ಹಲಗೆಯ ಮೂಲಕ ತಿಳಿಯುತ್ತಿತ್ತು. ಬಾಯಲ್ಲಿ ಮಾತ್ರ ಒಂದೇ ಉತ್ತರ: ನಿನ್ನ ಇಷ್ಟ. ತನ್ನ ತಾಯಿಯ ಹೆಸರು ಬರೆ ಎಂದಿದ್ದರೆ ಅವಳು ಜಗಳವಾಡಬಹುದಿತ್ತು. ನಿನ್ನ ಅಮ್ಮನದೇ ಬರೆ ಎಂದಿದ್ದರೆ ಅವನ ಕಾಲಿಗೆ ಬೀಳಬಹುದಿತ್ತು. ನಿನ್ನ ಇಷ್ಟ ಎಂದವನನ್ನು ಏನು ಮಾಡುವುದು? ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕುವಾಗ ಅತ್ತೆ ಕಿಟಕಿಯಿಂದ ಅವಳ ಕೈ ಹಿಡಿದು, ಏನೋ ಹೇಳಲು ಹೊರಟು, ಆಮೇಲೆ ಸೆರಗು ಸಿಕ್ಕಿಕೊಂಡಿದೆ ನೋಡು ಎಂದಷ್ಟೇ ಹೇಳಿದರು. ಸೆರಗು ಸಿಕ್ಕಿಕೊಂಡಿರಲಿಲ್ಲ.

ಮುದ್ರಣಾಲಯದ ಕರಡು ಕೋಣೆಗೂ ಯಂತ್ರಗಳ ಹಜಾರಕ್ಕೂ ನಡುವೆ ಒಂದು ಗಾಜಿನ ಗೋಡೆ. ಯಂತ್ರ ಓಡುತ್ತಿರುವಾಗ ಗಾಜು ಸಣ್ಣಗೆ ನಡುಗುತ್ತದೆ, ಮೇಜಿನ ಮೇಲಿನ ನೀರಿನ ಲೋಟದಲ್ಲಿ ಬಳೆಗಳ ಹಾಗೆ ಸುತ್ತುಗಳೇಳುತ್ತವೆ. ಇಲ್ಲಿನ ಕೆಲಸ ಇಬ್ಬರದು. ಒಬ್ಬರು ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದಬೇಕು, ಎದುರಿಗೆ ಕೂತವರು ಅಚ್ಚಾದ ಕರಡಿನ ಮೇಲೆ ಪೆನ್ನಿನ ತುದಿ ಓಡಿಸುತ್ತ ತಪ್ಪು ಹಿಡಿಯಬೇಕು. ಓದುವವರು ಅಕ್ಷರವನ್ನಷ್ಟೇ ಅಲ್ಲ, ಚಿಹ್ನೆಗಳನ್ನೂ ಓದಬೇಕು: ಕಾಮಾ, ಚುಕ್ಕೆ, ಕಂಸ, ಕಂಸ ಮುಚ್ಚಿ, ಹೊಸ ಪ್ಯಾರಾ. ಎಲ್ಲವೂ ಒಂದೇ ಎತ್ತರದ ದನಿಯಲ್ಲಿ, ಭಾವ ಬೆರೆಸದೆ. ಭಾವ ಬಂದರೆ ಓದುವವರು ಮುಂದಿನ ಪದವನ್ನು ಊಹಿಸಿಬಿಡುತ್ತಾರೆ, ಊಹಿಸಿದರೆ ತಪ್ಪು ತಪ್ಪಿಸಿಕೊಳ್ಳುತ್ತದೆ. ಕಂಪ್ಯೂಟರು ಬಂದ ಮೇಲೂ ರಾಜ್ಯಪತ್ರಕ್ಕೆ ಹೋಗುವ ನಿಯಮಗಳನ್ನು ಹೀಗೆಯೇ ಓದಬೇಕೆಂಬ ಪದ್ಧತಿ ಉಳಿದಿತ್ತು. ಅವಳು ಓದುವವಳು. ಎದುರಿಗೆ ಕೂತು ಪೆನ್ನು ಹಿಡಿಯುವವರಿಗೆ ಚುಕ್ಕೆರಾಯರು ಎಂದು ಹೆಸರು ಬಿದ್ದಿತ್ತು, ವಾಕ್ಯ ಮುಗಿದಾಗೆಲ್ಲ ಮೇಜಿಗೆ ಪೆನ್ನು ಕುಟ್ಟಿ ತಾವೂ 'ಚುಕ್ಕೆ' ಎನ್ನುತ್ತಿದ್ದರಿಂದ. ಸಾಲು ಸರಿಯಿದ್ದರೆ ಮೂಗಿನಲ್ಲೇ 'ಹ್ಞೂಂ' ಎನ್ನುತ್ತಾರೆ. ಆ ಹ್ಞೂಂ ಬಂದ ಮೇಲೆಯೇ ಅವಳು ಮುಂದಿನ ಸಾಲಿಗೆ ಉಸಿರು ತೆಗೆಯುವುದು. ಎಷ್ಟೋ ವರ್ಷ ಹೀಗೆ. ಮನೆಯಲ್ಲಿ ಗಂಡನಿಗೆ ಏನಾದರೂ ಹೇಳಿ ಮುಗಿಸಿದ ಮೇಲೂ ಅವಳು ಒಂದು ಕ್ಷಣ ಆ ಹ್ಞೂಂಗೆ ಕಾಯುತ್ತಿದ್ದಳು.

ಈ ಹೊಸ ನಿಯಮವನ್ನೂ ಅವಳೇ ಓದಿದ್ದಳು. ಇದೇ ಕುರ್ಚಿ, ಇದೇ ಮೇಜು. ಹೊರಗೆ ಬಿಸಿಲು, ಪಂಖದ ಗಾಳಿಗೆ ಕರಡಿನ ಉದ್ದನೆಯ ಪಟ್ಟಿಗಳು ಏಳದಿರಲೆಂದು ಸೀಸದ ತುಂಡು ಹೇರಿದ್ದರು. 'ಅವಲಂಬಿತ ಹಿರಿಯರ ಪೈಕಿ ಒಬ್ಬರನ್ನು ಮಾತ್ರ, ಕಾಮಾ, ನೌಕರರ ಲಿಖಿತ ಆಯ್ಕೆಯ ಮೇರೆಗೆ, ಚುಕ್ಕೆ.' ಹ್ಞೂಂ. ಅವಳ ನಾಲಗೆ ಆ ವಾಕ್ಯವನ್ನು ಹೊಸ್ತಿಲು ದಾಟಿಸಿ ಕಳಿಸಿತು, ಕಿವಿ ಕೇಳಿಸಿಕೊಂಡಿತು, ಒಳಗೆ ಯಾರೂ ಎದ್ದು ನೋಡಲಿಲ್ಲ. ಓದಿ ಮುಗಿಸಿ, ಕೊನೆಯ ಹಾಳೆಯಲ್ಲಿ 'ಮುದ್ರಣಕ್ಕೆ ಯೋಗ್ಯ' ಎಂಬ ಮುದ್ರೆಯ ಕೆಳಗೆ ಸಹಿ ಮಾಡಿ, ಸಂಜೆ ಮನೆಗೆ ಹೋಗಿ, ಅತ್ತೆಯ ಮಾತ್ರೆ ಬಿಡಿಸಿ ಕೊಟ್ಟು, ಅಮ್ಮನ ಹತ್ತಿರ ಕೂತು ಇವತ್ತೇನೂ ವಿಶೇಷ ಇರಲಿಲ್ಲ ಎಂದಿದ್ದಳು. ಅದು ಸುಳ್ಳಲ್ಲ. ಅದು ಸುಳ್ಳಲ್ಲ ಎನ್ನುವುದೇ ಈಗ ಅವಳನ್ನು ತಿನ್ನುತ್ತಿತ್ತು. ಸುಳ್ಳಾಗಿದ್ದರೆ ಒಪ್ಪಿಕೊಳ್ಳಬಹುದಿತ್ತು.

ಅಚ್ಚಾದ ನಿಯಮ ಸುತ್ತೋಲೆಯಾಗಿ ಮುದ್ರಣಾಲಯಕ್ಕೇ ತಿರುಗಿ ಬಂದ ದಿನ, ಯಂತ್ರದ ಹಜಾರದವರೆಲ್ಲ ಊಟದ ಹೊತ್ತಿನಲ್ಲಿ ಕರಡು ಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದರು. ನಿಮಗೆ ಮೊದಲೇ ಗೊತ್ತಿತ್ತು, ಒಂದು ಮಾತು ಹೇಳಬಾರದಿತ್ತೇ, ಸಂಘದವರು ತಡೆಯಾಜ್ಞೆಗಾದರೂ ಓಡುತ್ತಿದ್ದರಲ್ಲ ಎಂಬುದು ಅವರ ಆಕ್ಷೇಪ. ಓದಿದೆ, ಆದರೆ ಕೇಳಿಸಿಕೊಳ್ಳಲಿಲ್ಲ ಎಂದು ಅವಳು ಹೇಳಿದಾಗ ಬೈಂಡಿಂಗ್ ವಿಭಾಗದವನೊಬ್ಬ ಪಕ್ಕದವನಿಗೆ, "ಅಕ್ಕ ನಿದ್ದೆಯಲ್ಲೇ ಸಂಬಳ ತಗೊಂಡ್ರು ಅಂತಾಯ್ತು," ಎಂದ. ನಕ್ಕರು. ಅವಳೂ ನಕ್ಕಳು. ಆ ತನ್ನ ನಗು ಇವತ್ತಿಗೂ ಮುಖದಲ್ಲಿ ಒಣಗಿದ ಸಾಬೂನಿನ ಹಾಗೆ ಬಿಗಿಯುತ್ತಿತ್ತು. ಚುಕ್ಕೆರಾಯರನ್ನು ಯಾರೂ ಕೇಳಲಿಲ್ಲ. ಅವರು ನೋಡಿದವರು, ಓದಿದವಳು ಇವಳು. ಅವರಿಗೆ ಹಿರಿಯರು ಯಾರೂ ಉಳಿದಿರಲಿಲ್ಲ, ಪತ್ರ ಬಂದ ವಾರವೇ ಹಳೆಯ ಪಿಂಚಣಿಗೆ ಬರೆದು ಕಳಿಸಿ ಕೈತೊಳೆದುಕೊಂಡಿದ್ದರು.

ಇವತ್ತು ಶನಿವಾರ, ಅರ್ಧ ದಿನ. ಓದಲಿಕ್ಕಿದ್ದದ್ದು ದೋಣಿಗಳ ಸುಂಕದ ಯಾವುದೋ ತಿದ್ದುಪಡಿ. ಅವಳು ಓದುತ್ತ ಹೋದಳು, ಆದರೆ ದನಿ ಹಾಳಾಗಿತ್ತು. ಸುತ್ತೋಲೆ ಬಂದ ದಿನದಿಂದ ಪ್ರತಿ ವಾಕ್ಯವೂ ಒಳಗೆ ಹೋಗಿ ಯಾರನ್ನೋ ಎಬ್ಬಿಸುತ್ತಿತ್ತು. ದೋಣಿಯವರು ಯಾರು, ಅವರ ಮನೆಯಲ್ಲಿ ಎಷ್ಟು ಜನ, ಈ ಸಾಲು ಅವರಿಗೆ ಯಾವಾಗ ತಲುಪುತ್ತದೆ ಎಂದು ನಾಲಗೆ ತಡವರಿಸುತ್ತಿತ್ತು. ಚುಕ್ಕೆರಾಯರು ಪೆನ್ನು ಎತ್ತಿ ನಿಲ್ಲಿಸಿ, ಒಂದು ಪದ ಬಿಟ್ಟಿರಿ ಎಂದರು. ಬೈಯಲಿಲ್ಲ. ಕನ್ನಡಕ ತೆಗೆದು ಒರೆಸುತ್ತ, ಪತ್ರ ಹೋಯಿತೋ ಇಲ್ಲವೋ ಎಂದು ಕೇಳಿದರು. ಇಲ್ಲ ಎಂದು ಅವಳು ತಲೆಯಾಡಿಸಿದಾಗ, ಇಷ್ಟು ದಿನ ಯಾವುದಕ್ಕೆ ಕಾಯುತ್ತಿದ್ದೀರಿ ಎಂದರು. ಅವಳು ಗಾಜು ನಡುಗುವುದನ್ನೇ ನೋಡುತ್ತ, ಇಬ್ಬರನ್ನೂ ಉಳಿಸಿಕೊಂಡು ಹೊಸದಕ್ಕೇ ಹೋಗಿಬಿಟ್ಟರೆ ಹೇಗೆ ಎಂದಳು. ಮೊದಲ ಸಲ ಅದನ್ನು ಬಾಯಿಬಿಟ್ಟು ಆಡಿದ್ದು.

"ಈಗಲಾ? ಇಳಿಯೋ ಸ್ಟಾಪು ಕಣ್ಣಿಗೆ ಕಾಣ್ತಿರುವಾಗ ಬಸ್ಸು ಬದಲಾಯಿಸ್ತೀನಿ ಅಂತೀರಲ್ಲಮ್ಮ," ಎಂದರು ಚುಕ್ಕೆರಾಯರು. "ಆ ಬಸ್ಸು ನಿಮ್ಮನ್ನ ಎಲ್ಲಿ ಇಳಿಸುತ್ತೆ ಅಂತ ಅದರ ಡ್ರೈವರಿಗೂ ಗೊತ್ತಿಲ್ಲ. ಒಬ್ಬರ ಹೆಸರು ಬರೀರಿ. ಯಾರೂ ನಿಮ್ಮನ್ನ ಕೆಟ್ಟವಳು ಅನ್ನಲ್ಲ."

ಯಾರದು ಬರೆದರೆ ಯಾರು ಅನ್ನುವುದಿಲ್ಲ ಎಂದು ಅವಳು ಕೇಳಲಿಲ್ಲ. ಅತ್ತೆಯದು ಬರೆದರೆ ಬೀದಿಯೆಲ್ಲ ಹೊಗಳುತ್ತದೆ: ಸೊಸೆಯೆಂದರೆ ಹೀಗಿರಬೇಕು. ಅದು ಅವಳಿಗೆ ಗೊತ್ತಿತ್ತು, ಆ ಹೊಗಳಿಕೆಯ ರುಚಿಯನ್ನು ಆಗಲೇ ಎರಡು ಮೂರು ಸಲ ಒಳಗೊಳಗೇ ಚಪ್ಪರಿಸಿಯೂ ಇದ್ದಳು. ಪೆನ್ನು ಹಿಡಿದು ಗೆರೆಯ ಮೇಲೆ ಕೂರಿಸಿದಾಗ ಮಾತ್ರ, ಅಮ್ಮ ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಫೋನು ಹೊಡೆದುಕೊಂಡಾಗಲೆಲ್ಲ ಯಂತ್ರ ಕೆಟ್ಟೀತೆಂದು ಎದೆಯ ಮೇಲಿನ ಆ ಉಬ್ಬನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದುದು ನೆನಪಾಗುತ್ತಿತ್ತು, ಹಾಲು ಕುಡಿಯುವ ಕೂಸಿನ ಕಿವಿ ಮುಚ್ಚಿದ ಹಾಗೆ. ಅಮ್ಮನ ಹೆಸರು ಬರೆಯಲು ಹೋದರೆ ಅತ್ತೆಯ ತೋಳಿನಲ್ಲಿ ಸೂಜಿ ಚುಚ್ಚಿ ಚುಚ್ಚಿ ಹಗ್ಗದಂತೆದ್ದ ನರ. ಹೊಸದಾಗಿ ಮದುವೆಯಾಗಿ ಬಂದು, ರಾತ್ರಿಶಾಲೆಗೆ ಹೋಗಿ ಪರೀಕ್ಷೆ ಕಟ್ಟುತ್ತೇನೆ ಎಂದಾಗ, ಓದಿ ಯಾರನ್ನು ಉದ್ಧಾರ ಮಾಡ್ತೀಯೆ ಎಂದು ಗೊಣಗುತ್ತಲೇ ಊಟದ ತಟ್ಟೆ ಮುಚ್ಚಿಟ್ಟು ಬಾಗಿಲಲ್ಲಿ ಕೂತಿರುತ್ತಿದ್ದ ಅತ್ತೆ. ಈ ಕುರ್ಚಿ ಅವಳಿಗೆ ಸಿಕ್ಕಿದ್ದು ಆ ಮುಚ್ಚಿಟ್ಟ ತಟ್ಟೆಯಿಂದ. ಪೆನ್ನು ಗೆರೆಯ ಮೇಲೆ ಸುಮ್ಮನೆ ನಿಂತು, ನಿಂತಲ್ಲೇ ಶಾಯಿ ಬಿಟ್ಟು ಒಂದು ಹುಳುವಿನಷ್ಟು ಕಲೆ ಮಾಡಿತ್ತು.

ಮನೆಗೆ ಬಂದಾಗ ಮಧ್ಯಾಹ್ನದ ಬಿಸಿಲು ಅಂಗಳದಿಂದ ಜಾರಿ ಗೋಡೆ ಹತ್ತಿತ್ತು. ಅತ್ತೆ ಆಸ್ಪತ್ರೆಯಿಂದ ಮರಳಿ, ತೋಳಿಗೆ ಪಟ್ಟಿ ಕಟ್ಟಿಕೊಂಡು ಕಣ್ಣುಮುಚ್ಚಿ ಮಲಗಿದ್ದರು. ಯಂತ್ರದಿಂದ ಬಂದ ದಿನ ಅವರ ಮುಖ ಹಿಂಡಿ ಒಣಹಾಕಿದ ಬಟ್ಟೆಯ ಹಾಗಿರುತ್ತದೆ. ಗಂಡ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಅಮ್ಮ ತಾವೇ ಬೋಗುಣಿಯಲ್ಲಿ ಬಿಸಿನೀರು ಹಾಕಿಕೊಂಡು, ಎರಡೂ ಪಾದ ಅದ್ದಿ, ಮಂಚದ ಅಂಚಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಕತ್ತರಿಯನ್ನೂ ಹಳೆಯ ಪೇಪರನ್ನೂ ತೆಗೆದಿಟ್ಟುಕೊಂಡಿದ್ದರು. ಅಮ್ಮ ಹಾಗೆ ತಮಗಾಗಿ ಏನನ್ನಾದರೂ ಮೊದಲೇ ತಯಾರು ಮಾಡಿಟ್ಟುಕೊಂಡು ಕೂತದ್ದನ್ನು ಅವಳು ಎಂದೂ ನೋಡಿರಲಿಲ್ಲ. ಸೀರೆ ಬದಲಿಸದೆ ಹಾಗೇ ನೆಲದ ಮೇಲೆ ಕೂತು ಅಮ್ಮನ ಬಲಗಾಲನ್ನು ಎತ್ತಿ ಮಂಡಿಯ ಮೇಲಿಟ್ಟುಕೊಂಡಳು. ಬಡಕಲು ಪಾದ, ಹೊಲಿಗೆಯಂತ್ರ ತುಳಿದು ತುಳಿದು ಹಿಮ್ಮಡಿಯ ಚರ್ಮ ಹಲಗೆಯಾಗಿತ್ತು. ಉಗುರು ಚೆನ್ನಾಗಿ ನೆನೆದಿದ್ದರಿಂದ ಕತ್ತರಿ ಸಲೀಸಾಗಿ ಹೋಯಿತು.

ಮಲಗಿದ್ದಲ್ಲಿಂದಲೇ ಅತ್ತೆ ಕಣ್ಣು ತೆರೆಯದೆ ಮಾತಾಡಿದರು. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ಮೇಷ್ಟರು ಮುಂದಿನ ವಾರದಿಂದ ಬರುವುದಿಲ್ಲವಂತೆ, ಅವರ ಮಗಳು ಅಪ್ಪನದು ಬಿಟ್ಟು ಮಾವನ ಹೆಸರು ಬರೆದಳಂತೆ ಎಂದರು. ಬೇರೆ ದಿನವಾಗಿದ್ದರೆ ಇದಕ್ಕೊಂದು ತಮಾಷೆ ಹೊಂದಿಸುತ್ತಿದ್ದರು. ಹೊಂದಿಸಲಿಲ್ಲ. ಬದಲಿಗೆ, "ಅದೇನಿದೆ ಅಂತ ಒಂದ್ಸಲ ಓದೇ," ಎಂದರು. "ನಿನ್ನ ಆಫೀಸಿನಲ್ಲಿ ಓದ್ತೀಯಲ್ಲ, ಹಾಗೇ ಓದು. ನಮ್ಮ ಮುಖ ನೋಡಿ ಓದಬೇಡ."

ಗಂಡ ಚೀಲದಿಂದ ಪತ್ರ ತೆಗೆದುಕೊಟ್ಟ. ಅವಳು ಅಮ್ಮನ ಪಾದವನ್ನು ಮಂಡಿಯ ಮೇಲಿಂದ ಇಳಿಸದೆ, ಒದ್ದೆ ಬೆರಳನ್ನು ಸೀರೆಗೆ ಒರೆಸಿಕೊಂಡು ಓದಲು ಶುರುಮಾಡಿದಳು. ದನಿ ತಾನಾಗಿಯೇ ಆ ಹಳೆಯ ಎತ್ತರಕ್ಕೆ ಹೋಗಿ ನಿಂತಿತು. ಹಳೆಯ ಪಿಂಚಣಿಯನ್ನು ಉಳಿಸಿಕೊಳ್ಳಲು ಇಚ್ಛಿಸುವ ನೌಕರರು, ಕಾಮಾ, ಅವಲಂಬಿತ ಹಿರಿಯರ ಪೈಕಿ ಒಬ್ಬರನ್ನು ಮಾತ್ರ, ಕಾಮಾ. ಎಷ್ಟೋ ದಿನಗಳ ಮೇಲೆ ನಾಲಗೆ ಎಡವದೆ ನಡೆಯಿತು. ಓದುತ್ತಿದ್ದ ಅಷ್ಟು ಹೊತ್ತು ಅವಳು ಎಲ್ಲೂ ಇರಲಿಲ್ಲ, ಯಾರ ಮಗಳೂ ಅಲ್ಲ, ಯಾರ ಸೊಸೆಯೂ ಅಲ್ಲ. ನಾನು ಈ ಕೆಳಗೆ ನಮೂದಿಸಿದ ಹಿರಿಯರನ್ನು ಆಯ್ಕೆ ಮಾಡಿರುತ್ತೇನೆ, ಚುಕ್ಕೆ, ಹೆಸರು, ಆಮೇಲೆ ಆ ಗೆರೆ. ಗೆರೆಯನ್ನು ಹೇಗೆ ಓದುವುದು? ಕರಡು ಕೋಣೆಯಲ್ಲಿ ಅದಕ್ಕೊಂದು ಪದವಿತ್ತು. "ಖಾಲಿ," ಎಂದು ಓದಿದಳು. ಓದಿ, ಹ್ಞೂಂಗೆ ಕಾದಳು.

"ನನ್ನ ಹೆಸರು ಬರಿ," ಎಂದರು ಅಮ್ಮ.

ಮೊದಲು ಅದನ್ನು ಆಡಿದವರು ಯಾರೆಂದು ಅವಳಿಗೆ ತಿಳಿಯಲಿಲ್ಲ. ಮಂಡಿಯ ಮೇಲಿದ್ದ ಪಾದ ಬಿಗಿಯಾಯಿತು, ಅದರಿಂದ ತಿಳಿಯಿತು. ತಲೆಯೆತ್ತಿ ನೋಡಿದರೆ ಅಮ್ಮ ಅವಳನ್ನು ನೋಡುತ್ತಿರಲಿಲ್ಲ, ಎದುರಿನ ಮಂಚವನ್ನೂ ನೋಡುತ್ತಿರಲಿಲ್ಲ. ಬೋಗುಣಿಯ ನೀರಿನಲ್ಲಿದ್ದ ತಮ್ಮ ಇನ್ನೊಂದು ಪಾದವನ್ನು ನೋಡುತ್ತಿದ್ದರು.

"ನಾನು ಬೇಡ ಅಂತೀನಿ ಅಂತ ನೀವೆಲ್ಲ ಕಾಯ್ತಾ ಕೂತಿದ್ದೀರಿ. ನಂಗೆ ಗೊತ್ತಾಗಲ್ಲ ಅಂದ್ಕೊಂಡ್ರಾ? ನಾನು ಅನ್ನಲ್ಲ. ಇಷ್ಟು ವರ್ಷ ಎಲ್ಲದಕ್ಕೂ ಆಗಲಿ ಬಿಡು, ಆಗಲಿ ಬಿಡು ಅಂದೆ. ಅದಕ್ಕೆ ಇದಕ್ಕೂ ಅಂದುಬಿಡ್ತಾಳೆ ಅಂತ. ನಂಗೆ ಇನ್ನೂ ಇರಬೇಕು ಅನ್ಸತ್ತೆ ಕಣೆ. ಯಾಕೆ ಅಂತ ಕೇಳಬೇಡ. ಯಾಕೂ ಇಲ್ಲ."

ಬಾಗಿಲಲ್ಲಿ ಗಂಡನ ಬಲಗಾಲು ನೆಲವನ್ನು ಒತ್ತಿತು. ಅವಳ ಪಕ್ಕದಲ್ಲಿ ಕತ್ತರಿ ಬಾಯಿ ತೆರೆದುಕೊಂಡೇ ಬಿದ್ದಿತ್ತು. ಚುಕ್ಕೆರಾಯರು ಬೆಳಿಗ್ಗೆ ಕೇಳಿದ್ದಕ್ಕೆ ಉತ್ತರ ಇಲ್ಲಿತ್ತು. ಇಷ್ಟು ದಿನ ಯಾವುದಕ್ಕೆ ಕಾಯುತ್ತಿದ್ದೀರಿ? ಇದಕ್ಕೇ. ಅಮ್ಮ ಒಂದು ದಿನ ಕಾಫಿ ಲೋಟ ಕೆಳಗಿಡುತ್ತ, ರೇಡಿಯೋದ ಸದ್ದಿನ ನಡುವೆ, ನಂದೇನು ಬಿಡು, ಅವರದೇ ಬರೆದುಬಿಡು ಎನ್ನುತ್ತಾರೆ. ಅವಳು ಛೆ ಛೆ ಎನ್ನುತ್ತಾಳೆ. ಇನ್ನೊಂದು ಸಲ ಅಮ್ಮ ಒತ್ತಾಯ ಮಾಡುತ್ತಾರೆ. ಅವಳು ಅಳುತ್ತ ಬರೆಯುತ್ತಾಳೆ. ಇಡೀ ಮಾತುಕತೆಯನ್ನು ಅವಳು ಒಳಗೆ ಎಂದೋ ಅಚ್ಚು ಹಾಕಿಸಿಟ್ಟಿದ್ದಳು, ಅಮ್ಮ ಬಂದು ಓದುವುದಷ್ಟೇ ಬಾಕಿ. ಚೀಲದಲ್ಲಿ ಪತ್ರ ಮೆತ್ತಗಾಗುತ್ತ ಬಂದದ್ದು ಅವಳ ಕರುಣೆಯಿಂದಲ್ಲ. ಅಮ್ಮನಿಗೆ ಅದೂ ಕಂಡಿತ್ತು. ದಿನಾ ಕಂಡಿತ್ತು. ಅವಳಿಗೆ ಅಮ್ಮನ ಮೇಲೆ ಸಿಟ್ಟು ಬಂತು, ಅಷ್ಟು ಸಿಟ್ಟು ಹುಟ್ಟಿದಾಗಿನಿಂದ ಬಂದಿರಲಿಲ್ಲ. ಆ ಸಿಟ್ಟಿನ ಅಡಿಯಲ್ಲೇ, ಸಣ್ಣಗೆ, ಶಾಲೆಯ ಸಮವಸ್ತ್ರಗಳ ರಾಶಿಯ ನಡುವೆ ಕೂತ ಚಿಕ್ಕ ವಯಸ್ಸಿನ ಹೆಂಗಸೊಬ್ಬಳು ಉಳಿದ ತುಂಡನ್ನು ಮಡಿಸಿಡದೆ ತನ್ನ ಮೈಗೆ ಹಿಡಿದು ನೋಡಿಕೊಳ್ಳುತ್ತಿರುವುದು ಕಂಡಿತು.

"ಬೀಗಿತ್ತಿಗೆ ಕೊನೆಗೂ ಬಾಯಿ ಬಂತಪ್ಪ," ಎಂದರು ಅತ್ತೆ, ಕಣ್ಣು ತೆರೆದು. ಆಮೇಲೆ ದನಿ ಇಳಿಸಿ, "ನಾನೂ ಬೇಡ ಅನ್ನಲ್ಲಮ್ಮ. ಬೆಳಿಗ್ಗೆ ಕಾರಿನ ಹತ್ರ ನಂದು ಬೇಡ ಅನ್ನೋಣ ಅಂತಲೇ ಕೈ ಹಿಡ್ದೆ. ಬಾಯಿಗೆ ಬರಲಿಲ್ಲ," ಎಂದು ಮಗ್ಗುಲಾದರು.

ಇಬ್ಬರೂ ಹೇಳಿ ಮುಗಿಸಿದ್ದರು. ಕೋಣೆ ಅಷ್ಟೇ ಇತ್ತು, ಎರಡು ಮಂಚ, ನಡುವೆ ಒಬ್ಬರು ಅಡ್ಡಡ್ಡವಾಗಿ ನಡೆಯುವಷ್ಟು ಜಾಗ, ಆ ಜಾಗದಲ್ಲಿ ಅವಳು. ಅವಳು ಗಂಡನ ಕಡೆ ನೋಡಿದಳು. ಅವನು ನಿನ್ನ ಇಷ್ಟ ಎನ್ನಲು ಬಾಯಿ ತೆರೆದದ್ದು ಕಂಡಿತು. "ಬೇಡ, ಅದನ್ನ ಅನ್ನಬೇಡಿ," ಎಂದಳು. ಅವನು ಬಾಯಿ ಮುಚ್ಚಿದ. ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಅವಳ ಕೈಗೆ ಕೊಟ್ಟ. ಅಷ್ಟು ಮಾಡಿದ. ಯಾವುದಕ್ಕೆ ಪೆನ್ನು ಕೊಡುತ್ತಿದ್ದೇನೆಂದು ಅವನಿಗೂ ತಿಳಿದಿತ್ತು.

ಮಂಚದ ಅಂಚಿಗೆ ಪತ್ರವನ್ನು ಆನಿಸಿ ಅವಳು ಮೇಲಿನ ಪ್ಯಾರಾವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದಳು, ಕರಡಿನಲ್ಲಿ ಬೇಡದ ಸಾಲನ್ನು ಹೊಡೆಯುವ ಹಾಗೆ, ತುದಿಗೊಂದು ಸುರುಳಿ ಹಾಕಿ. ಕೆಳಗಿನದರಲ್ಲಿ, ಹಳೆಯ ಪಿಂಚಣಿಯ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇನೆ ಎಂಬ ವಾಕ್ಯದ ಮುಂದೆ ಸಹಿ. ಅದರಡಿಯ ಎರಡು ಗೆರೆಗಳ ಮೇಲೆ ಎರಡು ಹೆಸರು. ಯಾವುದನ್ನು ಮೊದಲು ಬರೆಯುವುದು ಎಂದು ಕೈ ಅಲ್ಲೂ ಒಂದು ಗಳಿಗೆ ತಡೆಯಿತು. ಅಮ್ಮನದನ್ನು ಮೊದಲು ಬರೆದಳು. ಇದು ಒಳ್ಳೆಯತನವಲ್ಲ, ಅವಳಿಗೆ ಅದು ಸ್ಪಷ್ಟವಿತ್ತು. ಒಳ್ಳೆಯತನವಾಗಿದ್ದರೆ ಮೈ ಹಗುರಾಗಬೇಕಿತ್ತು. ಅತ್ತೆಯದೊಂದೇ, ಅಮ್ಮನದೊಂದೇ ಬರೆಯಲು ಪೆನ್ನು ಓಡಲಿಲ್ಲ, ಇಲ್ಲಿ ಓಡಿತು, ಅಷ್ಟೇ. ಮುಂದೆ ಒಂದು ದಿನ ಅವಳೂ ಯಾವುದೋ ಮಂಚದ ಅಂಚಿನಲ್ಲಿ ಪಾದ ಅದ್ದಿಕೊಂಡು ಕೂತಿರುತ್ತಾಳೆ, ತನ್ನ ಹೆಸರು ಬರೆಯಬಹುದಾದ ಕೈ ಯಾವುದೆಂದು ಸುತ್ತ ನೋಡುತ್ತಾಳೆ. ಅವಳಿಗೆ ಕಂಡ ಆ ಮುಂದಿನ ಕೋಣೆಯಲ್ಲಿ ಯಾರೂ ಇರಲಿಲ್ಲ. ಅಷ್ಟು ದೂರ ನೋಡಿ ಅವಳು ಲಕೋಟೆಯ ಅಂಟನ್ನು ನಾಲಗೆಗೆ ತಾಕಿಸಿದಳು.

ಎಡಗಾಲು ಬಾಕಿ ಇದೆ, ಬಂದು ತೆಗೀತೀನಿ ಎಂದಳು ಅಮ್ಮನಿಗೆ. ಅಮ್ಮ ಆಗಲಿ ಬಿಡು ಎನ್ನಲಿಲ್ಲ. "ಬೇಗ ಬಾ, ನೀರು ಆರಿಹೋಗತ್ತೆ," ಎಂದರು.

ಅಂಚೆಪೆಟ್ಟಿಗೆ ಬೀದಿಯ ತಿರುವಿನಲ್ಲಿ, ಮುಚ್ಚಿದ ಔಷಧಿ ಅಂಗಡಿಯ ಮುಂದೆ. ದಿನಾ ಅದರ ಮುಂದೆಯೇ ಕೆಲಸಕ್ಕೆ ಹೋಗುತ್ತಿದ್ದಳು, ದಿನಾ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ ದಾಟುತ್ತಿದ್ದಳು. ಅದರ ಹೊಟ್ಟೆಯ ಮೇಲಿನ ತಗಡಿನಲ್ಲಿ ಟಪಾಲು ತೆಗೆಯುವ ವೇಳೆ ಬರೆದಿತ್ತು. ಕಣ್ಣು ಅದನ್ನೂ ತಪ್ಪಿಗಾಗಿ ತಡವಿತು, ತಪ್ಪಿರಲಿಲ್ಲ. ಸಂಜೆಯ ಟಪಾಲು ಇನ್ನೂ ತೆಗೆದಿರಲಿಲ್ಲ. ಅವಳು ಲಕೋಟೆಯನ್ನು ಪೆಟ್ಟಿಗೆಯ ಬಾಯಿಗೆ ತೂರಿಸಿದಳು. ಅರ್ಧ ಒಳಗೆ ಹೋಯಿತು, ಅರ್ಧ ಬೆರಳುಗಳ ನಡುವೆ ಉಳಿಯಿತು. ಕಬ್ಬಿಣ ಇಡೀ ದಿನದ ಬಿಸಿಲು ಕುಡಿದು ಕಾದಿತ್ತು, ಬೆರಳ ಬೆನ್ನಿಗೆ ಚುರುಕು ಮುಟ್ಟಿತು. ಆದರೂ ಬೆರಳು ಬಿಡಲಿಲ್ಲ. ತನ್ನ ದನಿಯಲ್ಲೇ, ಆ ಒಂದೇ ಎತ್ತರದಲ್ಲಿ, ಅವಳು ಲಕೋಟೆಯೊಳಗೆ ಬರೆದದ್ದನ್ನು ಮೊದಲಿನಿಂದ ನೆನಪಿನಲ್ಲೇ ಓದಿದಳು, ಬಿಟ್ಟುಕೊಟ್ಟಿರುತ್ತೇನೆ, ಚುಕ್ಕೆ, ಅಮ್ಮನ ಹೆಸರು, ಅತ್ತೆಯ ಹೆಸರು, ಸಹಿ. ಓದಿ ನಿಂತಳು. ಹಿಂದ್ಯಾರೋ ಒಂದು ಕಾರ್ಡು ಹಿಡಿದುಕೊಂಡು ಬಂದು ನಿಂತಿದ್ದರು, ಅವರು ಕೆಮ್ಮಿದರು. ಎದುರಿಗೆ ಮೇಜಿರಲಿಲ್ಲ, ಪೆನ್ನು ಹಿಡಿದವರಿರಲಿಲ್ಲ. ಅವಳು ಇನ್ನೂ ಸ್ವಲ್ಪ ಕಾದಳು. ಆಮೇಲೆ ತಾನೇ, ಮೂಗಿನಲ್ಲಿ, ಹ್ಞೂಂ ಎಂದು ಬೆರಳು ಬಿಟ್ಟಳು.